ಬಿಸಿ ಪೀಠವೂ ಕಾವೇರಿಯ ನೀರೂ

ಜಪಾನು ದೇಶಕ್ಕೆ ಹೋಗಿಬಂದವರು ಮೊದಲು ಹೊಗಳುವುದು ಅಲ್ಲಿಯ ವೇಗದ ರೈಲನ್ನು. ಅನಂತರ, ಸ್ವಲ್ಪ ಸಂಕೋಚದಿಂದ, ಅಲ್ಲಿಯ ಶೌಚಗೃಹವನ್ನು. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳಿಗೆ ಬರವಿಲ್ಲ. ಅಂಥ ಮನೆಗಳಲ್ಲಿ ಈ ವರ್ಣನೆಯನ್ನು ಕೇಳಬಹುದು: ಬಾಗಿಲು ತೆರೆದೊಡನೆ ತಾನಾಗಿ ಏಳುವ ಮುಚ್ಚಳ, ಚಳಿಯಲ್ಲಿಯೂ ಬೆಚ್ಚಗಿರುವ ಪೀಠ, ಗುಂಡಿಯೊತ್ತಿದರೆ ಹದವಾದ ನೀರು, ಅದರ ಮೇಲೆ ಬಿಸಿಗಾಳಿ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಇದು ನಕ್ಕು ಬಿಡತಕ್ಕ ವಿಷಯವಲ್ಲವೆಂದು ನಮ್ಮ ಅಭಿಪ್ರಾಯ. ಮಾನವನು ಪ್ರತಿದಿನವೂ ತಪ್ಪದೆ ಮಾಡುವ ಕಾರ್ಯವನ್ನು ವಿಜ್ಞಾನವು ಗಮನಿಸಬಾರದೆಂಬ ನಿಯಮವೇನೂ ಇಲ್ಲ.

ಈ ಯಂತ್ರದ ಚರಿತ್ರೆ ಸ್ವಾರಸ್ಯವಾಗಿದೆ. 1917ರಲ್ಲಿ ಸ್ಥಾಪಿತವಾದ ಟೋಟೋ ಎಂಬ ಜಪಾನೀ ಸಂಸ್ಥೆಯು 1960ರ ದಶಕದಲ್ಲಿ ನೀರು ಚಿಮ್ಮಿಸುವ ಪೀಠವೊಂದನ್ನು ಅಮೆರಿಕದಿಂದ ತರಿಸಿ ಮಾರತೊಡಗಿತು. ಅದರ ನೀರಿನ ಉಷ್ಣತೆ ಸ್ಥಿರವಾಗಿರಲಿಲ್ಲ. ಧಾರೆಯ ಗುರಿಯೂ ಸರಿಯಿರಲಿಲ್ಲ. ಸಂಸ್ಥೆಯ ಎಂಜಿನಿಯರುಗಳು ತಮ್ಮ ನೌಕರರಲ್ಲಿಯೇ ನೂರಾರು ಮಂದಿಯ ನೆರವು ಪಡೆದು, ಧಾರೆ ತಾಕಬೇಕಾದ ಸ್ಥಾನವನ್ನು ಅಳೆದರು. ನೀರು 38 ಡಿಗ್ರಿ, ಪೀಠ 36 ಡಿಗ್ರಿ, ಗಾಳಿ 50 ಡಿಗ್ರಿ ಸೆಂಟಿಗ್ರೇಡ್. ಧಾರೆಯ ಓರೆ 43 ಡಿಗ್ರಿ ಎಂದು ನಿಶ್ಚಯಿಸಿದರು. ಒಳಗಿನಿಂದ ಚಾಚಿ ಮತ್ತೆ ಅಡಗುವ ನಳಿಕೆಗೆ ಮೋಟಾರು ಕಾರಿನ ಆಂಟೆನಾ ಮಾದರಿಯಾಯಿತು. ನೀರಿನ ನೆರೆಯಲ್ಲಿ ವಿದ್ಯುನ್ಮಂಡಲವನ್ನು ಇಡುವುದು ಹೇಗೆಂಬ ಪ್ರಶ್ನೆಗೆ ಮಳೆಯಲ್ಲಿ ನೆನೆದರೂ ಕೆಡದ ರಸ್ತೆಯ ಸಿಗ್ನಲ್ ದೀಪವು ಉತ್ತರ ಹೇಳಿತು. 1980ರಲ್ಲಿ ‘ವಾಷ್‌ಲೆಟ್’ ಹೊರಬಂದಿತು. ಇಂದು ಜಪಾನಿನ ನೂರು ಮನೆಗಳಲ್ಲಿ ಸುಮಾರು ಎಂಬತ್ತರಲ್ಲಿ ಇಂಥ ಪೀಠವಿದೆ. ಯಾರೂ ಬಾಯಿಬಿಟ್ಟು ಆಡದ ವಿಷಯವನ್ನು ನಾಚಿಕೆಯಿಲ್ಲದೆ ಅಳೆದು ನೋಡಿದುದೇ ಈ ಗೆಲುವಿನ ಗುಟ್ಟು.

ಪ್ರವಾಸಿಯ ಸಂತೋಷ ನ್ಯಾಯವಾದುದೆಂಬುದನ್ನು ನಾವು ಒಪ್ಪುತ್ತೇವೆ. ಕೈಗಂಟು ನೋಯುವ ಮುದುಕರಿಗೆ, ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ, ಅಂಗವೈಕಲ್ಯವುಳ್ಳವರಿಗೆ ಇನ್ನೊಬ್ಬರ ಕೈಕಾಯದೆ ಶುಚಿಯಾಗುವುದೆಂದರೆ ಮಾನವನ್ನು ಉಳಿಸಿಕೊಂಡಂತೆ. ಅಂಥವರಿರುವ ಮನೆಗೆ ಈ ಯಂತ್ರ ಬಂದರೆ ಬರಲಿ. ಆದರೆ ನೀರಿನಿಂದ ಶುಚಿಮಾಡಿಕೊಳ್ಳುವ ವಿದ್ಯೆಯನ್ನು ನಾವು ಜಪಾನಿನಿಂದ ಕಲಿಯಬೇಕಾಗಿಲ್ಲ. ಹಿಂದೆ ಹಿತ್ತಿಲಿಗೆ ಹೋಗುತ್ತಿದ್ದ ತಂಬಿಗೆಯೂ ಇಂದು ಗೋಡೆಗೆ ತೂಗುಹಾಕಿದ ಕೈಪಿಚಕಾರಿಯೂ ಅದೇ ಕೆಲಸವನ್ನು ಮಾಡುತ್ತಿವೆ. ನಾವು ಕಲಿಯಬೇಕಾದುದು ಬೇರೆಯೇ ಇದೆ. ಅದನ್ನು ತಿಳಿಯಲು ಎರಡು ಪ್ರಶ್ನೆಗಳನ್ನು ಕೇಳೋಣ: ಈ ನೀರು ಎಲ್ಲಿಂದ ಬಂದಿತು? ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನ ಬಳಿ ದೊಡ್ಡ ನದಿಯಿಲ್ಲ. 1974ರಿಂದ ಕಾವೇರಿಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಇಲ್ಲಿಗೆ ಬರುತ್ತಿದೆ. ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಏರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ ಪಂಪುಗಳು ಅದನ್ನು ಎತ್ತುತ್ತವೆ. ಒಂದು ಲೀಟರು ನೀರನ್ನು 500 ಮೀಟರು ಎತ್ತಲು ಬೇಕಾದ ಶಕ್ತಿಯನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು: 1 × 9.8 × 500, ಅಂದರೆ 4,900 ಜೌಲ್. ಹಳೆಯ ತೊಟ್ಟಿಯೊಂದು ಒಂದು ಸಲಕ್ಕೆ 10 ಲೀಟರು ಸುರಿದರೆ 49,000 ಜೌಲ್ ಚರಂಡಿಗೆ ಹೋದಂತೆ. ಇಷ್ಟರಲ್ಲಿ 10 ವಾಟಿನ ದೀಪವೊಂದು ಒಂದು ಗಂಟೆ ಇಪ್ಪತ್ತು ನಿಮಿಷ ಉರಿಯಬಹುದು. ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಆಗುವ ನಷ್ಟವನ್ನು ಇಲ್ಲಿ ಸೇರಿಸಿಲ್ಲ.

ಇನ್ನು ನೀರನ್ನು ಕಾಯಿಸುವ ಲೆಕ್ಕ. 24 ಡಿಗ್ರಿಯ ಒಂದು ಲೀಟರು ನೀರನ್ನು 38 ಡಿಗ್ರಿಗೆ ತರಲು ಸುಮಾರು 59,000 ಜೌಲ್ ಬೇಕು. ನದಿಯಿಂದ ಬೆಂಗಳೂರಿಗೆ ಎತ್ತುವುದಕ್ಕಿಂತ ಇದು ಹನ್ನೆರಡು ಪಾಲು ಹೆಚ್ಚು! ಮನೆಯನ್ನೆಲ್ಲ ಬೆಚ್ಚಗಿಡುವ ರೂಢಿಯಿಲ್ಲದ ಜಪಾನಿನಲ್ಲಿ, ಹಿಮ ಬೀಳುವ ಕಾಲಕ್ಕೆ, ಬಿಸಿ ಪೀಠ ಅವಶ್ಯಕವೆನಿಸೀತು. ನಮ್ಮ ಊರಿನ ಹವೆಯಲ್ಲಿ ಅದು ಬಹುಮಟ್ಟಿಗೆ ಆಡಂಬರ.

ಆದರೆ ಅದೇ ಜಪಾನೀಯರು ಸಾಧಿಸಿದ ಇನ್ನೊಂದು ಸಂಗತಿ ಪ್ರವಾಸಿಯ ಕಣ್ಣಿಗೆ ಬೀಳುವುದು ಅಪರೂಪ. ಹಿಂದೆ ಒಂದು ಸಲಕ್ಕೆ 13 ಲೀಟರು ನುಂಗುತ್ತಿದ್ದ ಪಾತ್ರೆಯನ್ನು 6 ಲೀಟರಿಗೂ, ಕೆಲವು ಮಾದರಿಗಳಲ್ಲಿ 4 ಲೀಟರಿಗಿಂತ ಕಡಿಮೆಗೂ ಅವರು ಇಳಿಸಿದ್ದಾರೆ. ಅನೇಕ ಮನೆಗಳಲ್ಲಿ ತೊಟ್ಟಿಯ ಮೇಲೆಯೇ ಸಣ್ಣ ನಲ್ಲಿಯಿರುತ್ತದೆ. ಕೈತೊಳೆದ ನೀರು ತೊಟ್ಟಿಯೊಳಕ್ಕೆ ಇಳಿದು ಮುಂದಿನ ಸಲಕ್ಕೆ ಒದಗುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಗುಂಡಿಯೂ ಬೇಡ. ಬುದ್ಧಿಯೊಂದಿದ್ದರೆ ಸಾಕು.

2024ರ ಮಾರ್ಚಿಯಲ್ಲಿ ನೀರಿನ ಅಭಾವವುಂಟಾದಾಗ, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ಬೆಂಗಳೂರಿನ ಜಲಮಂಡಳಿಯು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಯುಕ್ತವಾದ ಕ್ರಮವೇ. ಆದರೆ ಕಾರಿಗೆ ಸಲ್ಲದ ನೀರು ಕಕ್ಕಸಿಗೆ ಸಲ್ಲುವುದು ಹೇಗೆ? ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಆರಂಭವಾಗಿ ದಿನಕ್ಕೆ 77 ಕೋಟಿ 50 ಲಕ್ಷ ಲೀಟರಿನ ಹೆಚ್ಚಿನ ನೀರಿಗೆ ದಾರಿಯಾಯಿತು. ನೀರು ಹೆಚ್ಚಿತೆಂದು ಪ್ರಶ್ನೆ ಕರಗಲಿಲ್ಲ. ಬಂದಷ್ಟು ನೀರೂ ಕೊಳೆಯಾಗಿ ಹೊರಗೆ ಹೋಗಲೇಬೇಕು.

ಎಲ್ಲಿಗೆ? ಬನಶಂಕರಿಯ ಕಡೆಯ ಇಳಿಜಾರು ವೃಷಭಾವತಿಯ ಕಣಿವೆಗೆ, ಬಿ.ಟಿ.ಎಂ. ಬಡಾವಣೆಯ ಕಡೆಯದು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ. ವೃಷಭಾವತಿ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಟ್ಟದಷ್ಟು ಎತ್ತರಕ್ಕೆ ಎತ್ತಿ ತಂದ ತಿಳಿನೀರನ್ನು ನಾವು ಕಪ್ಪುನೀರಾಗಿಸಿ ಅದೇ ನದಿಗೆ ಹಿಂದಿರುಗಿಸುತ್ತಿದ್ದೇವೆ. ಇನ್ನೊಂದು ಕಣಿವೆಯ ನೀರು ಶುದ್ಧೀಕರಣದ ಬಳಿಕ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ನಾವು ಬಿಟ್ಟ ನೀರು ಇನ್ನೊಬ್ಬರ ಕೆರೆಯೆಂಬುದನ್ನು ಮರೆಯುವಂತಿಲ್ಲ.

ಮೂರನೆಯ ಪ್ರಶ್ನೆಯೊಂದಿದೆ, ಅದು ಎಲ್ಲಕ್ಕಿಂತ ಭಾರವಾದುದು. ಕೊಳವೆ ಕಟ್ಟಿಕೊಂಡರೆ ಇಳಿಯುವವರು ಯಾರು? ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿಯೇ ಸಚಿವ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಅನಿಷ್ಟದ ವಿರುದ್ಧ ದೇಶವನ್ನೆಲ್ಲ ಎಚ್ಚರಿಸಿ 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯನ್ನು ಪಡೆದರು. ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಆದರೂ ಸಾವುಗಳು ನಿಂತಿಲ್ಲ. ಇಂಥ ಮರಣಕ್ಕೆ ಕೊಡಬೇಕಾದ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟು 30 ಲಕ್ಷ ರೂಪಾಯಿಗೆ ಏರಿಸಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ಚರಂಡಿಯ ಹೈಡ್ರೋಜನ್ ಸಲ್ಫೈಡು ಸಾಂದ್ರವಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ನಂಬಿದವನು ಮರುಗಳಿಗೆಯಲ್ಲಿ ಪ್ರಜ್ಞೆ ತಪ್ಪುತ್ತಾನೆ. ಮೇಲೆ ಬೆಚ್ಚನೆಯ ಪೀಠ, ಕೆಳಗೆ ಒಬ್ಬ ಮನುಷ್ಯನ ಪ್ರಾಣ! ಈ ವ್ಯವಸ್ಥೆಯನ್ನು ಪ್ರಗತಿಯೆಂದು ಕರೆಯಲು ನಾವು ಸಿದ್ಧರಿಲ್ಲ.

ಟೋಕಿಯೋ ನಗರದ ಒಳಚರಂಡಿ ಎಲ್ಲ ವಾರ್ಡುಗಳನ್ನೂ ಬಹುಮಟ್ಟಿಗೆ ಮುಟ್ಟಿದುದು 1990ರ ದಶಕದ ನಡುವೆ. 2020ರಿಂದ ಅಲ್ಲಿಯ ಶಿಬುಯಾ ಭಾಗದಲ್ಲಿ ಹೆಸರಾಂತ ವಾಸ್ತುಶಿಲ್ಪಿಗಳು ರಚಿಸಿದ 17 ಸಾರ್ವಜನಿಕ ಶೌಚಗೃಹಗಳು ಎದ್ದವು. ಅವುಗಳಲ್ಲಿ ಕೆಲವಕ್ಕೆ ಗಾಜಿನ ಗೋಡೆಗಳಿವೆ. ಹೊರಗಿನಿಂದಲೇ ಒಳಗಿನ ಶುಚಿಯನ್ನು ನೋಡಬಹುದು, ಚಿಲಕ ಹಾಕಿದೊಡನೆ ಗಾಜು ಮಬ್ಬಾಗುತ್ತದೆ. ದಾರಿಹೋಕನಿಗೂ ಮಾನವಿದೆಯೆಂಬ ಭಾವನೆಯೇ ಆ ಗಾಜಿಗಿಂತ ದೊಡ್ಡ ಆವಿಷ್ಕಾರ.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಹೊಸ ಮನೆ ಕಟ್ಟುವವರು ಬಿಸಿ ಪೀಠಕ್ಕೆ ಮೊದಲು ಎರಡು ಅಳತೆಯ ತೊಟ್ಟಿಯನ್ನೂ ಬಳಸಿದ ನೀರಿಗೆ ಬೇರೆ ಕೊಳವೆಯನ್ನೂ ಹಾಕಿಸಲಿ. ನಗರದ ಆಡಳಿತವು ಶಾಲೆಗಳ, ಮಾರುಕಟ್ಟೆಗಳ ಶೌಚಗೃಹಕ್ಕೆ ನೀರು, ಬೆಳಕು, ಚಿಲಕಗಳನ್ನೂ, ಚರಂಡಿಯ ಕೆಲಸಕ್ಕೆ ಯಂತ್ರಗಳನ್ನೂ ಒದಗಿಸಲಿ. ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ನಿಮ್ಮ ಮನೆಯ ತೊಟ್ಟಿಗೆ ಸ್ವಲ್ಪ ಬಣ್ಣ ಬೆರೆಸಿ, ಅರ್ಧ ಗಂಟೆ ಯಾರೂ ನೀರು ಬಿಡದಂತೆ ನೋಡಿಕೊಳ್ಳಿ. ಕೆಳಗಿನ ಪಾತ್ರೆಗೆ ಬಣ್ಣ ಇಳಿದಿದ್ದರೆ ಕಾವೇರಿ ನಿಮ್ಮ ಮನೆಯಲ್ಲಿ ಹಗಲಿರುಳೂ ಸೋರುತ್ತಿದ್ದಾಳೆಂದು ತಿಳಿಯಿರಿ. ಬಳಿಕ ನಿಮ್ಮ ಶಾಲೆಯಲ್ಲಿ ಇದೇ ಪರೀಕ್ಷೆಯನ್ನು ಮಾಡಿ, ಫಲವನ್ನು ಮುಖ್ಯೋಪಾಧ್ಯಾಯರಿಗೆ ತಿಳಿಸಿರಿ. ಜಪಾನಿನ ಎಂಜಿನಿಯರುಗಳೂ ಹೀಗೆಯೇ ಅಳತೆಯಿಂದ ಆರಂಭಿಸಿದರು.