ಸುಖದ ಶಾಸ್ತ್ರಕ್ಕೂ ತಾಳೆ ನೋಡಬೇಕು



ನಮ್ಮ ಸೋಲಾಪುರ, ಅಕ್ಕಲಕೋಟ ಭಾಗದ ಮನೆಗಳಲ್ಲಿ ಈಚೆಗೆ ಒಂದು ಹೊಸ ಪ್ರಶ್ನೆ ಎದ್ದಿದೆ. ಮಗಳೋ ಸೊಸೆಯೋ ಪದವಿ ಮುಗಿಸಿ ಮನೆಯಲ್ಲಿದ್ದಾಳೆ. ಮನೆಯಲ್ಲೇ ಕೂತು ಕಂಪ್ಯೂಟರಿನ ಮೂಲಕ ವಿಲಾಯತಿಯ ವಿಶ್ವವಿದ್ಯಾಲಯದಿಂದ ‘ಪಾಸಿಟಿವ್ ಸೈಕಾಲಜಿ’ಯಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎನ್ನುತ್ತಾಳೆ. ಫೀ ಲಕ್ಷಗಳ ಮಾತು. ಹಿರಿಯರು ಕೇಳುವುದು ಎರಡೇ: ಇದೇನು ಹುಚ್ಚರಿಗೆ ಔಷಧ ಕೊಡುವ ವಿದ್ಯೆಯೋ? ಇಲ್ಲಾ, ಸದಾ ನಗುತ್ತಾ ಇರಿ ಎಂದು ಭಾಷಣ ಮಾಡುವವರ ಧಂಧೆಯೋ? ಎರಡೂ ಅಲ್ಲ. ನಮ್ಮ ಮನೆಯಲ್ಲೂ ಸೊಸೆ ಈ ಮಾತು ಎತ್ತಿದ್ದರಿಂದ ಕೆಲವು ತಿಂಗಳಿಂದ ಅವಳು ಓದಿದ್ದನ್ನು ಹೇಳುವುದು, ನಾನು ಕೆದಕಿ ಕೇಳುವುದು ನಡೆದಿದೆ. ಮ್ಯಾಟ್ರಿಕ್ ಓದಿದವನ ತಲೆಗೆ ಹತ್ತಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಕನ್ನಡದಲ್ಲಿ ಇದಕ್ಕೆ ಸಕಾರಾತ್ಮಕ ಮನೋವಿಜ್ಞಾನ ಎನ್ನುತ್ತಾರೆ. ಕೆಲವರು ‘ಧನಾತ್ಮಕ’ ಎಂದೂ ಬರೆಯುತ್ತಾರೆ. ಆ ಶಬ್ದ ಕೇಳಿದೊಡನೆ ನಮ್ಮ ಪೇಟೆಯ ಗೆಳೆಯರೊಬ್ಬರು ನೆಟ್ಟಗೆ ಕೂತರು! ಧನಕ್ಕೂ ಇದಕ್ಕೂ ಸಂಬಂಧ ಕಡಿಮೆ. ಮನಸ್ಸಿನ ಶಾಸ್ತ್ರದವರು ಬಹುಕಾಲ ಮನಸ್ಸಿನ ರೋಗಗಳನ್ನೇ ಹೆಚ್ಚಾಗಿ ಅಭ್ಯಾಸ ಮಾಡಿದರು. 1998ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್ಮನ್ ಅವರು, ಮನುಷ್ಯ ಚೆನ್ನಾಗಿ ಬಾಳುವುದು ಹೇಗೆ ಎಂಬುದನ್ನೂ ಪ್ರಯೋಗ ಮಾಡಿ ನೋಡಬೇಕು ಎಂದು ಕರೆಕೊಟ್ಟರು. ವಿಚಿತ್ರವೆಂದರೆ ಇವರು ಹೆಸರು ಮಾಡಿದ್ದೇ 1960ರ ದಶಕದಲ್ಲಿ, ಪಾರಾಗಲು ದಾರಿಯಿಲ್ಲದೆ ಪೆಟ್ಟು ತಿಂದ ಪ್ರಾಣಿ ಮುಂದೆ ದಾರಿ ಇದ್ದರೂ ಏಳುವುದಿಲ್ಲ ಎಂಬ ನಿಸ್ಸಹಾಯಕತೆಯ ಅಭ್ಯಾಸದಿಂದ. ಅವರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2005ರಲ್ಲಿ ಈ ವಿಷಯದ ಸ್ನಾತಕೋತ್ತರ ವರ್ಗ ತೆರೆಯಿತು. 2007ರಲ್ಲಿ ಪೂರ್ವ ಲಂಡನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಬಂತು. ಆಮೇಲೆ ಬೇರೆಯವರೂ ತೆರೆದರು, ಕೆಲವರು ಪೂರಾ ಆನ್‌ಲೈನ್ ಮಾಡಿದರು.

ಅಲ್ಲಿ ಕಲಿಸುವುದೇನು? ಒಂದು ಉದಾಹರಣೆ. ದಿನಾ ರಾತ್ರಿ ಮಲಗುವ ಮುಂಚೆ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಮತ್ತು ಅವು ಯಾಕೆ ಹಾಗೆ ನಡೆದವು ಎಂದು ಬರೆಯುವುದು. ಒಂದು ವಾರ ಹೀಗೆ ಬರೆದವರ ಸಂತೋಷ ಆರು ತಿಂಗಳ ಮೇಲೂ ಹೆಚ್ಚೇ ಇತ್ತೆಂದು ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಬಹಳ ಅಗ್ಗದ ಸರಕು, ಲಾಭ ದೊಡ್ಡದು. ಆದರೆ ಸೊಸೆ ಅಲ್ಲಿಗೇ ನಿಲ್ಲಲಿಲ್ಲ. ಆ ಪ್ರಯೋಗಕ್ಕೆ ಬಂದವರು ಇಂಟರ್‌ನೆಟ್ ಮೂಲಕ ತಾವಾಗಿಯೇ ಬಂದವರು, ಬಹುಪಾಲು ಓದಿದವರು, ಸುಖ ಹೆಚ್ಚಬೇಕೆಂಬ ಆಸೆ ಇದ್ದವರು. 2012ರಲ್ಲಿ ಕೆನಡಾದ ಇಬ್ಬರು ಸಂಶೋಧಕರು ಮತ್ತೆ ಮಾಡಿ ನೋಡಿದಾಗ, ಬಾಲ್ಯದ ಒಳ್ಳೆಯ ನೆನಪುಗಳನ್ನು ಬರೆದವರಿಗೂ ಅಷ್ಟೇ ಸಂತೋಷ ಹೆಚ್ಚಿತ್ತು. ಅಂದಮೇಲೆ ಗುಣ ಆ ‘ಮೂರು ಸಂಗತಿ’ಯದೇ ಎನ್ನಲು ಬರುವುದಿಲ್ಲ. “ಮಾವಾರ, ಚೀಲದ ಮ್ಯಾಲಿನ ಚೀಟಿ ಓದಿ ಮಾಲು ತಗೊಳ್ಳಾಕ ಆಗೂದಿಲ್ಲಲ್ರಿ” ಅಂದಳು. ಅಡತಿ ಅಂಗಡಿಯ ಮಾತು ಅವಳ ಬಾಯಲ್ಲಿ ಕೇಳಿ ನನಗೆ ಹಿಗ್ಗಾಯಿತು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. 2005ರಲ್ಲೇ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಲ್ ಲೊಸಾಡಾ ಎಂಬ ಇಬ್ಬರು ಅಮೆರಿಕದ ದೊಡ್ಡ ಪತ್ರಿಕೆಯಲ್ಲಿ ಒಂದು ಸಂಖ್ಯೆ ಪ್ರಕಟಿಸಿದರು: 2.9013. ಮನುಷ್ಯನಿಗೆ ಒಂದು ಕೆಟ್ಟ ಭಾವನೆಗೆ ಇಷ್ಟು ಪಟ್ಟು ಒಳ್ಳೆಯ ಭಾವನೆ ಇದ್ದರೆ ಬಾಳು ಅರಳುತ್ತದೆ, ಕಡಿಮೆ ಬಿದ್ದರೆ ಬಾಡುತ್ತದೆ ಎಂದು. ‘ಒಂದಕ್ಕೆ ಮೂರು’ ಎಂಬ ಸೂತ್ರವಾಗಿ ಅದು ಪುಸ್ತಕಗಳಲ್ಲಿ, ಕಂಪನಿಗಳ ಶಿಬಿರಗಳಲ್ಲಿ ಹಬ್ಬಿತು. ದಶಾಂಶದ ಮುಂದೆ ನಾಲ್ಕು ಸ್ಥಾನ! ಸರಾಫರ ತಕ್ಕಡಿಯಲ್ಲೂ ಗ್ರಾಮಿನ ಮುಂದೆ ಮೂರೇ ಸ್ಥಾನ ಇರುತ್ತವೆ. ಎಂಟು ವರ್ಷ ಯಾರೂ ಈ ಲೆಕ್ಕವನ್ನು ಕೆಡಹಲಿಲ್ಲ.

ಕೆಡಹಿದವರು ಯಾರು? ಪೂರ್ವ ಲಂಡನ್ನಿನ ಅದೇ ಎಂ.ಎಸ್ಸಿ. ವರ್ಗದ ಒಬ್ಬ ವಿದ್ಯಾರ್ಥಿ, ನಿಕ್ ಬ್ರೌನ್. ಸುಮಾರು ಐವತ್ತರ ವಯಸ್ಸಿನಲ್ಲಿ, ನೌಕರಿಯಲ್ಲಿ ಇದ್ದುಕೊಂಡೇ ಓದಲು ಸೇರಿದವರು. ಪಾಠದಲ್ಲಿ ಈ ಸಂಖ್ಯೆ ಬಂದಾಗ ಅವರಿಗೆ ಸಮಾಧಾನವಾಗಲಿಲ್ಲ. ಮೂಲ ಲೇಖನ ತೆರೆದು ಓದಿದರು. ದ್ರವ ಹರಿಯುವುದನ್ನು ಲೆಕ್ಕಹಾಕಲು ಮಾಡಿದ ಸಮೀಕರಣಗಳನ್ನು ತಂದು ಮನುಷ್ಯರ ಮಾತುಕತೆಗೆ ಹಚ್ಚಿದ್ದರು. ಯಾಕೆ ಹಚ್ಚಬಹುದು ಎಂಬುದಕ್ಕೆ ಆಧಾರವೇ ಇರಲಿಲ್ಲ. ಬ್ರೌನ್ ಅವರು ಭೌತಶಾಸ್ತ್ರದ ಪ್ರಾಧ್ಯಾಪಕ ಅಲನ್ ಸೋಕಲ್ ಅವರಿಗೂ ಮನೋವಿಜ್ಞಾನಿ ಹ್ಯಾರಿಸ್ ಫ್ರೀಡ್ಮನ್ ಅವರಿಗೂ ತೋರಿಸಿದರು. 2013ರಲ್ಲಿ ಮೂವರೂ ಕೂಡಿ ಅದೇ ಪತ್ರಿಕೆಯಲ್ಲಿ ಬರೆದರು. ಗಣಿತದ ಭಾಗವನ್ನು ಹಿಂತೆಗೆದುಕೊಳ್ಳಲಾಯಿತು. ಒಳ್ಳೆಯ ಭಾವನೆ ಹೆಚ್ಚಿದ್ದರೆ ಒಳ್ಳೆಯದು ಎಂಬ ಮಾತನ್ನು ಮಾತ್ರ ಫ್ರೆಡ್ರಿಕ್ಸನ್ ಬಿಡಲಿಲ್ಲ. ಅದು ಇರಲಿ, ಆ ಮಾತಿಗೆ ದಶಾಂಶ ಬೇಕಾಗಿಲ್ಲ.

ದೊಡ್ಡ ಮುನೀಮ ಬರೆದ ಕಿರ್ದಿಯಲ್ಲಿ ನಿನ್ನೆ ಸೇರಿದ ಹುಡುಗ ಕೂಡುವ ತಪ್ಪು ಹಿಡಿದಂತಾಯಿತು. ಈ ವಿಷಯವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕಾದದ್ದು ಈ ಕಾರಣಕ್ಕೆ. ಸುಖದ ಮಾತು ಹೇಳುವವರು ಓಣಿಗೊಬ್ಬರಿದ್ದಾರೆ, ತಾಳೆ ನೋಡುವವರು ಕಡಿಮೆ. ಆದ್ದರಿಂದ ಯಾವ ಕೋರ್ಸಿಗೆ ಸೇರುವ ಮುಂಚೆಯೂ, ಸಂಶೋಧನಾ ಪದ್ಧತಿ ಮತ್ತು ಸಂಖ್ಯಾಶಾಸ್ತ್ರ ಎಷ್ಟು ಕಲಿಸುತ್ತಾರೆ, ಕೊನೆಗೆ ಸ್ವಂತ ಪ್ರಬಂಧ ಬರೆಯಬೇಕೋ ಬೇಡವೋ ಕೇಳಿರಿ. ಅದಿಲ್ಲದ ಕೋರ್ಸು ಬರೀ ಪ್ರವಚನ.

ಪದವಿ ಚೀಟಿಯ ಬೆಲೆಯನ್ನೂ ನೋಡಬೇಕು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡಲು 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು, ಈ ಎಂ.ಎಸ್ಸಿ.ಯಿಂದ ಅದು ಸಿಗುವುದಿಲ್ಲ. ಎರಡನೆಯದಾಗಿ, 2025ರ ಆಗಸ್ಟ್‌ನಲ್ಲಿ ಯು.ಜಿ.ಸಿ.ಯವರು, 2021ರ ಆರೋಗ್ಯವೃತ್ತಿಗಳ ಕಾಯಿದೆಯಡಿ ಬರುವ ವಿಷಯಗಳನ್ನು, ಅಂದರೆ ಮನೋವಿಜ್ಞಾನವನ್ನೂ, ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ 2025ರ ಜುಲೈ-ಆಗಸ್ಟ್ ಸತ್ರದಿಂದ ನಡೆಸಬಾರದೆಂದು ನಮ್ಮ ವಿಶ್ವವಿದ್ಯಾಲಯಗಳಿಗೆ ತಿಳಿಸಿದರು. ಹೀಗಿರುವಾಗ ಯಾರಾದರೂ ದಲಾಲ ಫೋನು ಮಾಡಿ ‘ಮನೆಯಲ್ಲೇ ಸೈಕಾಲಜಿ ಎಂ.ಎ., ಇಂದೇ ಕೊನೆಯ ದಿನ’ ಎಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಪರದೇಶದ ಪದವಿ ಇಲ್ಲಿ ನೌಕರಿಗೆ ನಡೆಯುತ್ತದೋ ಎಂಬುದನ್ನು ಹಣ ಕಟ್ಟುವ ಮುಂಚೆಯೇ ಬರಹದಲ್ಲಿ ಕೇಳಿ ಪಡೆಯಿರಿ. ನೌಕರಿಯ ಹಂಬಲವಿಲ್ಲ, ತಿಳಿವಳಿಕೆ ಬೇಕು ಎನ್ನುವವರು ಮೊದಲು ಸಣ್ಣ ಕೋರ್ಸು ಮಾಡಲಿ. ಪೆನ್ಸಿಲ್ವೇನಿಯಾದವರೇ 2017ರಲ್ಲಿ ಕೋರ್ಸೆರಾದಲ್ಲಿ ಅಂಥ ಪಾಠಮಾಲೆ ತಂದರು, 2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ಲಾರಿ ಸ್ಯಾಂಟೋಸ್ ಅವರದು ಬಂತು. ಹಿಡಿ ಕಾಳು ನೋಡಿ ಚೀಲ ಕೊಂಡಂತೆ.

ಇನ್ನೊಂದು ಮಾತು ನಮ್ಮ ಶ್ರಾವಕ ಮನೆಗಳಿಗೆ ಸೇರಿದ್ದು. 2004ರಲ್ಲಿ ಪೀಟರ್ಸನ್ ಮತ್ತು ಸೆಲಿಗ್ಮನ್ ಮನುಷ್ಯನ ಸದ್ಗುಣಗಳ ದೊಡ್ಡ ಗ್ರಂಥ ತಂದರು. 24 ಗುಣ, 6 ವರ್ಗ. ಅದಕ್ಕಾಗಿ ಕನ್‌ಫ್ಯೂಷಿಯಸ್, ತಾವೋ, ಬೌದ್ಧ, ಹಿಂದೂ, ಗ್ರೀಕ್, ಯಹೂದಿ, ಕ್ರೈಸ್ತ, ಇಸ್ಲಾಂ ಹೀಗೆ ಎಂಟು ಪರಂಪರೆಗಳನ್ನು ನೋಡಿದರು. ಎಂಟರಲ್ಲಿ ಜೈನ ಇಲ್ಲ. ಸೊಸೆ ನಮ್ಮ ದಶಲಕ್ಷಣವನ್ನು ಪಕ್ಕಕ್ಕೆ ಇಟ್ಟು ಹೋಲಿಸಿದಳು. ಕ್ಷಮೆ ಇದೆ, ಮಾರ್ದವಕ್ಕೆ ವಿನಯ ಇದೆ, ಸತ್ಯ ಇದೆ, ಸಂಯಮವೂ ಇದೆ. ಆಕಿಂಚನ್ಯ ಮಾತ್ರ ಇಲ್ಲ. ‘ನನ್ನದು’ ಎಂಬುದನ್ನು ಬಿಡುವ ಗುಣಕ್ಕೆ ಆ 24ರಲ್ಲಿ ಹೆಸರೇ ಇಲ್ಲ. ಅವರಲ್ಲಿರುವ ಹಾಸ್ಯಪ್ರಜ್ಞೆ ನಮ್ಮ ಹತ್ತರಲ್ಲಿ ಇಲ್ಲ, ಅದನ್ನೂ ಹೇಳಿಬಿಡಬೇಕು. ತನ್ನ ಪ್ರಬಂಧಕ್ಕೆ ಇದನ್ನೇ ತೆಗೆದುಕೊಳ್ಳುವ ವಿಚಾರ ಅವಳಿಗಿದೆ: ಕ್ಷಮಾವಣಿಯ ದಿನ ಕೈಮುಗಿದು ಕ್ಷಮೆ ಕೇಳುವವರ ಮನಸ್ಸಿನಲ್ಲಿ ತಿಂಗಳಾದ ಮೇಲೆ ಏನು ಉಳಿಯುತ್ತದೆ? ಉತ್ತರ ನಮಗೆ ಹಿತವಾಗಿಯೇ ಬರಬೇಕೆಂದಿಲ್ಲ. ಆದರೂ ಕೇಳಲಿ ಎಂದಿದ್ದೇನೆ.

ಒಂದು ಎಚ್ಚರಿಕೆ. ನಿದ್ರೆಯಿಲ್ಲದೆ, ಅನ್ನ ಸೇರದೆ, ಬದುಕೇ ಬೇಡವೆನ್ನುವ ಹುಡುಗನ ಮುಂದೆ ‘ಮೂರು ಒಳ್ಳೆಯ ಸಂಗತಿ ಬರಿ’ ಎಂದು ವಹಿ ಇಡಬೇಡಿ. ಅವನಿಗೆ ಬೇಕಾದದ್ದು ಮನೋವೈದ್ಯರು. ಸಂಬಂಧ ಬೆಳೆಸುವಾಗ ಅಡ್ಡಿಯಾದೀತೆಂದು ಇಂಥದ್ದನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿ ಬಹಳ ಇವೆ. ಹೆಸರು ಹೇಳದೆಯೂ ಮಾತಾಡಬಹುದಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಅನ್ನು 2022ರಲ್ಲಿ ಆರಂಭಿಸಿದರು.

ಸಮಯದ ಪ್ರಶ್ನೆಯನ್ನೂ ಬಹಳ ಅತ್ತೆಯಂದಿರು ಕೇಳಿದ್ದಾರೆ. ಲಂಡನ್ನಿನ ಸಂಜೆ 5 ಗಂಟೆ ಚಳಿಗಾಲದಲ್ಲಿ ನಮಗೆ ರಾತ್ರಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ಮನೆಯಲ್ಲಿ ಏಳಕ್ಕೇ ಅಡುಗೆಮನೆ ಖಾಲಿ, ಓದಿಗೆ ಮೂರು ತಾಸು ಸಿಗುತ್ತದೆ. ಬೆಳಗಿನ ಕೆಲಸದಲ್ಲಿ ಒಂದು ತಾಸು ಅತ್ತೆ ಹಂಚಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಆ ಕರಾರು ಈಗಾಗಲೇ ಆಗಿದೆ.