ಹಳೆಯ ಹೆಸರು ಊರಿನಲ್ಲೇ ಉಳಿಯಲಿ

ಅಧ್ಯಕ್ಷರು,
ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್,
ಫುಟ್‌ಬಾಲ್ ಹೌಸ್, ದ್ವಾರಕಾ, ನವದೆಹಲಿ

ಮಾನ್ಯ ಅಧ್ಯಕ್ಷರೇ,

2025ರಲ್ಲಿ ಹೈದರಾಬಾದ್ ಎಫ್‌ಸಿ ತನ್ನ ಊರು ಬಿಟ್ಟು ದೆಹಲಿಗೆ ಬಂತು; ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂಬ ಹೊಸ ಹೆಸರು ಪಡೆಯಿತು. ಅದಕ್ಕೂ ಮುಂಚೆ, 2019ರಲ್ಲಿ, ದೆಹಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ಅಲೆಸಾಂಡ್ರೊ ಡೆಲ್ ಪಿಯೆರೊ ಆಡಿದ್ದ, ರಾಬರ್ಟೊ ಕಾರ್ಲೋಸ್ ತರಬೇತಿ ಕೊಟ್ಟಿದ್ದ ಡೈನಮೋಸ್ ತಂಡದ ಹೆಸರು ಐದೇ ಸೀಸನ್‌ಗೆ ಮುಗಿದುಹೋಯಿತು. ಜವಾಹರಲಾಲ್ ನೆಹರೂ ಸ್ಟೇಡಿಯಂಗೆ ಮಕ್ಕಳನ್ನು ಕರೆದೊಯ್ದು ಆ ಹೆಸರು ಕೂಗಿದವರಲ್ಲಿ ನಾನೂ ಒಬ್ಬ. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹೈದರಾಬಾದಿನ ಅಭಿಮಾನಿಗಳ ಸಂಕಟ ಇನ್ನೂ ದೊಡ್ಡದು. 2021–22ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ತಂಡ ಅದು. ಆ ಗೆಲುವು ಇನ್ನು ಮುಂದೆ ಯಾರ ಲೆಕ್ಕಕ್ಕೆ? ಹೈದರಾಬಾದಿಗೋ, ಅದನ್ನು ಗೆಲ್ಲದ ದೆಹಲಿಗೋ?

ಇಷ್ಟಾದರೂ ಹೊಸ ವೃತ್ತಿಪರ ಕ್ಲಬ್‌ಗಳು ಹಳೆಯ ತಂಡಗಳ ಹೆಸರು ಎತ್ತಿಕೊಳ್ಳುವುದನ್ನು ನಾನು ಮನಸಾರೆ ಬಯಸುತ್ತೇನೆ. ದೆಹಲಿಯಂಥ ಊರಿಗೆ ಹೊರಗಿನಿಂದ ಹೆಸರು ತರುವ ಅಗತ್ಯವೇ ಇಲ್ಲ. ದೆಹಲಿ ಗೇಟಿನ ಬಳಿ, ಫಿರೋಜ್ ಶಾ ಕೋಟ್ಲಾ ಕ್ರಿಕೆಟ್ ಮೈದಾನದ ಮಗ್ಗುಲಲ್ಲಿರುವ ಅಂಬೇಡ್ಕರ್ ಸ್ಟೇಡಿಯಂನಲ್ಲಿ ಲೀಗ್ ಪಂದ್ಯವಿರುವ ಒಂದು ಮಧ್ಯಾಹ್ನ ಬಂದು ಕುಳಿತರೆ ತಾವೇ ಕೇಳಬಹುದು: ಸಿಟಿ ಕ್ಲಬ್, ಯಂಗ್‌ಮೆನ್, ಮೂನ್‌ಲೈಟ್, ಶಿಮ್ಲಾ ಯಂಗ್ಸ್, ಹಿಂದುಸ್ತಾನ್, ಗಢ್ವಾಲ್ ಹೀರೋಸ್. ಕಾಂಕ್ರೀಟ್ ಮೆಟ್ಟಿಲ ಮೇಲೆ ಕೂತ ಹಿರಿಯರು ಈ ಹೆಸರುಗಳನ್ನು ಮನೆಯವರ ಹೆಸರಿನ ಹಾಗೆ ಆಡುತ್ತಾರೆ. ಗಢ್ವಾಲ್ ಕ್ಲಬ್ ಹುಟ್ಟಿದ್ದು 1953ರಲ್ಲಿ, ಬೆಟ್ಟ ಇಳಿದು ಕೆಲಸ ಹುಡುಕಿ ರಾಜಧಾನಿಗೆ ಬಂದವರಿಂದ. ಅವರ ಪಂದ್ಯದ ದಿನ ಸ್ಟ್ಯಾಂಡಿನ ಒಂದು ಮೂಲೆಯಲ್ಲಿ ಹಿಂದಿಗಿಂತ ಗಢ್ವಾಲಿಯೇ ಹೆಚ್ಚು ಕೇಳಿಸುತ್ತದೆ. ಗೋಲಾದಾಗ ಅಪ್ಪ, ಮಗ, ಮೊಮ್ಮಗ ಒಟ್ಟಿಗೆ ಎದ್ದು ನಿಲ್ಲುವುದನ್ನು ಕಂಡಿದ್ದೇನೆ. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ರಾಜ್ಯೋತ್ಸವದ ದಿನ ನಮಗಾಗುವ ಸಂತೋಷದ ಜಾತಿಯೇ ಅದು; ಪರವೂರಿನಲ್ಲಿ ಬದುಕು ಕಟ್ಟಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಬೆಂಗಳೂರಿನ ಸುನಿಲ್ ಚೆಟ್ರಿ (ಹೌದು, ಈಗ ಅವರು ನಮ್ಮವರೇ) ಮೋಹನ್ ಬಾಗಾನ್‌ಗೆ ಹೋಗುವ ಮುಂಚೆ ಆಡಿದ್ದು ದೆಹಲಿಯ ಸಿಟಿ ಕ್ಲಬ್‌ಗೆ. 1944–45ರ ಸಂತೋಷ್ ಟ್ರೋಫಿಯಲ್ಲಿ ಬಂಗಾಳವನ್ನು ಸೋಲಿಸಿ ಕಪ್ ಎತ್ತಿದ ಊರು ದೆಹಲಿ. 1940ರ ಡುರಾಂಡ್ ಕಪ್ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಬ್ರಿಟಿಷ್ ಸೇನಾ ತಂಡವನ್ನು ಮಣಿಸಿದ್ದು ಇಲ್ಲಿನ ಇರ್ವಿನ್ ಆಂಫಿಥಿಯೇಟರ್‌ನಲ್ಲಿ, ಅಂದರೆ ಈಗಿನ ಧ್ಯಾನ್‌ಚಂದ್ ಸ್ಟೇಡಿಯಂ ಇರುವ ಜಾಗದಲ್ಲಿ. ಆ ಡುರಾಂಡ್ ಈಗ ಇಲ್ಲಿಲ್ಲ, ಡಿಸಿಎಂ ಟ್ರೋಫಿ ನಿಂತೇಹೋಯಿತು. ಇದ್ದುದರಲ್ಲಿ ಉಳಿದಿರುವುದು ಕ್ಲಬ್‌ಗಳ ಹೆಸರೇ.

ನಾಳೆ ಒಬ್ಬ ಉದ್ಯಮಿ ಇವುಗಳಲ್ಲೊಂದು ಹೆಸರು ಆರಿಸಿ, ಅಂಗಿಯ ಮೇಲೆ ಅಚ್ಚು ಹಾಕಿಸಿ, ಮೂರು ವರ್ಷದ ನಂತರ ನಷ್ಟವೆಂದು ಬೇರೆ ಊರಿಗೆ ಹೊರಟರೆ ಏನು ಗತಿ? ಡೈನಮೋಸ್ ಹೋದಾಗ ಹೋದದ್ದು ಐದು ವರ್ಷದ ಹೆಸರು. ಮುಂದಿನ ಸಲ ಎಪ್ಪತ್ತು ವರ್ಷದ ಹೆಸರು ಹೋದೀತು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದುಂಟು. ಇಟ್ಟವರು ಅಜ್ಜನ ತಿಥಿಯನ್ನೂ ಮಾಡುತ್ತಾರೆ, ಅಜ್ಜಿಯನ್ನೂ ನೋಡಿಕೊಳ್ಳುತ್ತಾರೆ. ಹೆಸರಿನ ಜೊತೆ ಹೊಣೆಯೂ ಬರಬೇಕು.

ಈ ಹೊಣೆಯನ್ನು ಕಾಗದದ ಮೇಲೆ ಬರೆಯಲು ಸಾಧ್ಯ ಎನ್ನುವುದಕ್ಕೆ ಉದಾಹರಣೆಗಳಿವೆ. ಅಮೆರಿಕದ ಸ್ಯಾನ್ ಹೊಸೆ ಅರ್ತ್‌ಕ್ವೇಕ್ಸ್ ತಂಡದ ಆಟಗಾರರು ಮತ್ತು ಕೋಚ್‌ಗಳು 2005ರ ಸೀಸನ್ ಮುಗಿದ ಮೇಲೆ ಹೂಸ್ಟನ್‌ಗೆ ಹೋದರು. ಆದರೆ ಹೆಸರು, ಬಣ್ಣ, ದಾಖಲೆಗಳು ಸ್ಯಾನ್ ಹೊಸೆಯಲ್ಲೇ ಉಳಿದವು. 2008ರಲ್ಲಿ ಅದೇ ಹೆಸರಿನಲ್ಲಿ ತಂಡ ಮತ್ತೆ ಮೈದಾನಕ್ಕಿಳಿಯಿತು. ಅದೇ ವರ್ಷ ಸಿಯಾಟಲ್‌ನಲ್ಲಿ ಹೊಸ ಕ್ಲಬ್‌ಗೆ ಹೆಸರು ಆರಿಸಲು ಜನರಿಗೆ ಮೂರು ಆಯ್ಕೆ ಕೊಟ್ಟರು. 1974ರಲ್ಲಿ ಮೈದಾನಕ್ಕಿಳಿದಿದ್ದ ಊರಿನ ಹಳೆಯ ತಂಡದ ಸೌಂಡರ್ಸ್ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಜನ ತಾವೇ ಅದನ್ನು ಬರೆದು ಗೆಲ್ಲಿಸಿದರು. ಇಂಗ್ಲೆಂಡಿನ ವಿಂಬಲ್ಡನ್ ಎಫ್‌ಸಿಯನ್ನು 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಸಾಗಿಸಿದಾಗ ಅಭಿಮಾನಿಗಳು ಆಗಲೇ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದ್ದರು. ವರ್ಷಗಳ ಜಗಳದ ನಂತರ, 2007ರಲ್ಲಿ, ಹಳೆಯ ಟ್ರೋಫಿಗಳು ವಿಂಬಲ್ಡನ್ ಇರುವ ಮರ್ಟನ್ ಬರೋಗೆ ಮರಳಿದವು. ಅಭಿಮಾನಿಗಳು ಅಷ್ಟು ವರ್ಷ ಬೀದಿಗಿಳಿದು ಪಡೆದದ್ದನ್ನು ಸ್ಯಾನ್ ಹೊಸೆಗೆ ಲೀಗ್‌ನ ಒಂದು ತೀರ್ಮಾನ ಕೊಟ್ಟಿತ್ತು.

ದೂರದ ಮಾತೇಕೆ, ಕೋಲ್ಕತ್ತಾದಲ್ಲಿ ತಾವೇ ನೋಡಿದ್ದೀರಿ. 2020ರಲ್ಲಿ ಮೋಹನ್ ಬಾಗಾನ್ ಹೆಸರಿನ ಮುಂದೆ ಐಎಸ್‌ಎಲ್ ತಂಡ ಎಟಿಕೆಯ ಹೆಸರು ಸೇರಿಸಿದಾಗ ಅಭಿಮಾನಿಗಳು ಒಪ್ಪಲಿಲ್ಲ. ತಂಡ ಗೆಲ್ಲುತ್ತಿದ್ದರೂ ಒಪ್ಪಲಿಲ್ಲ. 2023ರಲ್ಲಿ ಐಎಸ್‌ಎಲ್ ಗೆದ್ದ ಬೆನ್ನಲ್ಲೇ ಮಾಲೀಕರು ಆ ಮೂರು ಅಕ್ಷರ ತೆಗೆದರು.

ಕನ್ನಡಿಗನಾಗಿ ನನಗೆ ಇನ್ನೊಂದು ಹೆಸರಿನ ಚಿಂತೆಯೂ ಇದೆ. ಮುಂಬೈಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷವೂ ಗೆದ್ದರು, 1948ರಲ್ಲಿ ಮತ್ತೊಮ್ಮೆ. ಬೆಂಗಳೂರು ಎಫ್‌ಸಿಯನ್ನು ಶ್ರೀಕಂಠೀರವ ಸ್ಟೇಡಿಯಂನಲ್ಲಿ ಪ್ರಾಣ ಬಿಟ್ಟು ಬೆಂಬಲಿಸುವ ಹುಡುಗರಲ್ಲಿ ಎಷ್ಟು ಮಂದಿಗೆ ಈ ತಂಡ ಗೊತ್ತು? 2013ರಲ್ಲಿ ಹುಟ್ಟಿದ ಆ ಕ್ಲಬ್ ತನ್ನದೇ ಹೆಸರಿನಲ್ಲಿ ತನ್ನದೇ ಇತಿಹಾಸ ಬರೆದಿದೆ, ಅದಕ್ಕೆ ನನ್ನ ಪೂರ್ಣ ಗೌರವವಿದೆ. ಹಳೆಯ ಹೆಸರನ್ನು ಯಾರಾದರೂ ಎತ್ತಿಕೊಳ್ಳುವುದಾದರೆ ಅದೂ ದೆಹಲಿಯ ಹೆಸರುಗಳಷ್ಟೇ ಜೋಪಾನವಾಗಿರಲಿ ಎಂಬುದಷ್ಟೇ ನನ್ನ ಆಸೆ.

ಕ್ಲಬ್‌ಗಳಿಗೆ ಲೈಸೆನ್ಸ್ ಕೊಡುವುದು ತಮ್ಮ ಕಚೇರಿ. ಹೆಸರು ಬದಲಾವಣೆಯ ಅರ್ಜಿಗಳೂ ತಮ್ಮ ಮುಂದೆಯೇ ಬರುತ್ತವೆ. ಆ ನಿಯಮಾವಳಿಯಲ್ಲಿ ಒಂದು ಷರತ್ತು ಸೇರಿಸಿ: ಹಳೆಯ ತಂಡದ ಹೆಸರು ಬೇಕೆನ್ನುವ ವೃತ್ತಿಪರ ಕ್ಲಬ್ ಮೂಲ ಕ್ಲಬ್‌ನ ಲಿಖಿತ ಒಪ್ಪಿಗೆ ತರಬೇಕು; ಆ ಕ್ಲಬ್ ಈಗ ಇಲ್ಲವಾದರೆ ರಾಜ್ಯ ಸಂಸ್ಥೆಯ ಒಪ್ಪಿಗೆ ಬೇಕು. ಲೈಸೆನ್ಸ್ ಬೇರೆ ಊರಿಗೆ ಹೋದ ದಿನ ಹೆಸರು, ಲಾಂಛನ, ಬಣ್ಣ, ದಾಖಲೆಗಳು ಮೂಲ ಊರಿಗೇ ಸೇರಬೇಕು. ಹೂಡಿಕೆದಾರರು ಹೆದರಿ ಓಡಿಹೋಗುತ್ತಾರೆ ಎಂದು ತಮಗೆ ಯಾರಾದರೂ ಹೇಳಬಹುದು. ಊರಿನಲ್ಲಿ ಉಳಿಯುವ ಉದ್ದೇಶವಿರುವವರಿಗೆ ಈ ಷರತ್ತಿನಿಂದ ಒಂದು ರೂಪಾಯಿ ನಷ್ಟವಿಲ್ಲ.

ಈ ಷರತ್ತನ್ನು ಬರೆಯುವ ಮುಂಚೆ ಹಳೆಯ ಕ್ಲಬ್‌ಗಳ ಕಾರ್ಯದರ್ಶಿಗಳನ್ನು ಕರೆದು ಮಾತಾಡಿ. ದ್ವಾರಕಾದ ಸಭಾಂಗಣದಲ್ಲಿ ಬೇಡ, ಅಂಬೇಡ್ಕರ್ ಸ್ಟೇಡಿಯಂನಲ್ಲೇ ಸೇರಿ. ಹೈದರಾಬಾದಿನ ಅಭಿಮಾನಿಗಳನ್ನೂ ಕರೆಯಿರಿ, 2021–22ರ ಪ್ರಶಸ್ತಿ ಅವರ ಊರಿನ ಹೆಸರಿನಲ್ಲೇ ಉಳಿಯುತ್ತದೆಂದು ಅವರಿಗೆ ಬರಹದಲ್ಲಿ ಕೊಡಿ.

ಇತಿ ತಮ್ಮ ವಿಶ್ವಾಸಿ,
ದೆಹಲಿಯಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ