ಟೋಟಲ್ ಸರಿ ಇದೆಯಲ್ಲ, ಇನ್ನೇನು?

ಟ್ಯಾಲಿಯಿಂದ ಹೊಸ ಸಾಫ್ಟ್‌ವೇರಿಗೆ ಲೆಕ್ಕ ಸಾಗಿಸುವಾಗಲೆಲ್ಲ ಈ ಮಾತು ಕೇಳ್ತೀನಿ: "ಟೋಟಲ್ ಮ್ಯಾಚ್ ಆಗ್ತಿದೆ, ಗೋ ಲೈವ್ ಮಾಡ್ರೀ." ನನಗೆ ಮೈ ಉರಿಯೋದು ಇದಕ್ಕೇ. ರಮೇಶನ ಬಾಕಿಯನ್ನ ಸುರೇಶನ ಖಾತೆಗೆ ಬರೆದರೂ ಟೋಟಲ್ ಸರಿಯಾಗೇ ಇರುತ್ತದೆ ಸ್ವಾಮಿ!

ಡೇಟಾ ಕೆಡೋದು ಹೆಚ್ಚಾಗಿ ನಡುದಾರಿಯಲ್ಲಿ, ಎಕ್ಸೆಲ್ ಎಂಬ ಧರ್ಮಛತ್ರದಲ್ಲಿ. ಸಿಎಸ್‌ವಿ ಫೈಲನ್ನು "ಸುಮ್ನೆ ನೋಡೋಣ" ಅಂತ ತೆರೆದು ಸೇವ್ ಮಾಡಿದಿರೋ, 00457 ಅನ್ನೋ ಬಿಲ್ ನಂಬರು 457 ಆಗುತ್ತದೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಹಿಡಿದಿಡುತ್ತದೆ. 16 ಅಂಕಿಯ ಬ್ಯಾಂಕ್ ಖಾತೆಯ ಕೊನೇ ಅಂಕಿ ಸೊನ್ನೆ. ನಾವು ಏಪ್ರಿಲ್ 3 ಅಂತ ಬರೆದ 03/04, ಅಮೆರಿಕದ ಸೆಟ್ಟಿಂಗ್ ಇರೋ ಲ್ಯಾಪ್‌ಟಾಪಲ್ಲಿ ಮಾರ್ಚ್ 4 ಆಗಿ ಹಿಂದಿನ ಹಣಕಾಸು ವರ್ಷಕ್ಕೇ ಜಾರುತ್ತದೆ. ಒಂದೂ ಎರರ್ ಬರಲ್ಲ.

ಮೊತ್ತ ಕೂಡದಿದ್ದಾಗ? ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳುತ್ತಾರೆ. ಸಸ್ಪೆನ್ಸ್ ಇರೋದು ಕಾರಣ ಸಿಗೋ ತನಕ ಇಡೋಕೆ, ಹೂಳೋಕಲ್ಲ.

2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರು ಪ್ರತಿ ತಿದ್ದುಪಡಿಯ ಜಾಡು ಉಳಿಸಲೇಬೇಕು ಅಂತ ನಿಯಮವಿದೆ. (ನಮ್ಮೂರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹೊಡೆದುಹಾಕಿದ ಅಂಕಿಯೂ ಓದೋ ಹಾಗೇ ಇರ್ತಿತ್ತು.) ಆದರೆ ಎಕ್ಸೆಲ್ಲಿನಲ್ಲಿ ನಡೆದದ್ದು ಆ ಜಾಡಿಗೆ ಕಾಣಲ್ಲ. ಅದಕ್ಕೇ ಖಾತೆವಾರು ಬಾಕಿ, ತಿಂಗಳುವಾರು ವೋಚರ್ ಎಣಿಕೆ ಎರಡೂ ಕಡೆಯದು ಇಟ್ಟು ಹೋಲಿಸಿ ಅನ್ನೋದು.

ಟೈಮಿಲ್ಲ ಅಂತೀರಾ? ಆಡಿಟ್ ಹೊತ್ತಿಗೆ ರಾತ್ರಿ ಹತ್ತರ ತನಕ ಕೂತು ಆ ಬಿಲ್ ಹುಡುಕೋದು ಕಮ್ಮಿ ಸಂಬಳದ ಅಕೌಂಟೆಂಟು. ಗೋ ಲೈವ್ ಕೇಕ್ ಕತ್ತರಿಸಿದವರು ಅಷ್ಟೊತ್ತಿಗೆ ಬೇರೆ ಪ್ರಾಜೆಕ್ಟಲ್ಲಿರ್ತಾರೆ.